ಸರ್ವರ್‌ನಿಂದ ಡಿಸ್ಕ್ ಎಳೆಯುವ ಮುಂಚೆ ಇದನ್ನೊಮ್ಮೆ ಓದಿ

ಹೋದ ತಿಂಗಳು ನನ್ನ ಕೈಯಿಂದ ಒಂದು ದೊಡ್ಡ ತಪ್ಪಾಯಿತು. ನಾಲ್ಕು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ನಿಮಗೂ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವ ಫೈಲ್ ಸರ್ವರ್‌ನಲ್ಲಿ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ಇವೆ. ಲಿನಕ್ಸ್, ಸಾಫ್ಟ್‌ವೇರ್ ರೇಡ್ 5, ಅಂದರೆ ನಾಲ್ಕೂ ಡಿಸ್ಕನ್ನು ಒಂದೇ ಡಿಸ್ಕ್‌ನಂತೆ ಸೇರಿಸಿ ಬಳಸುವ ವ್ಯವಸ್ಥೆ. ಒಂದು ಬೆಳಿಗ್ಗೆ ರೇಡ್ ಡಿಗ್ರೇಡ್ ಆಗಿದೆ, ಅಂದರೆ ಒಂದು ಡಿಸ್ಕ್ ಕಡಿಮೆಯಾಗಿದೆ ಅಂತ ಮೇಲ್ ಬಂದಿತ್ತು. ಲಾಗ್ ನೋಡಿದರೆ ಲಿನಕ್ಸ್ ಎಸ್‌ಡಿಸಿ ಅಂತ ಹೆಸರಿಟ್ಟಿದ್ದ ಡಿಸ್ಕ್ ಕೈಕೊಟ್ಟಿದೆ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ಡೇಟಾ ಉಳಿಯುತ್ತದೆ, ಎರಡನೆಯದೂ ಹೋದರೆ ಕಥೆ ಮುಗೀತು. ಅದಕ್ಕೇ ಆತುರ. ಎ, ಬಿ, ಸಿ ಅಂದರೆ ಮೂರನೇ ಸ್ಲಾಟ್ ಅಲ್ವಾ ಅಂದುಕೊಂಡೆ. ಸರ್ವರ್ ಓಡುತ್ತಿರುವಾಗಲೇ ಮೂರನೇ ಟ್ರೇ ಎಳೆದೆ.

ಡಿಸ್ಕ್ ಕೈಯಲ್ಲಿ ಬೆಚ್ಚಗಿತ್ತು. ಒಳಗಿನ ತಟ್ಟೆಗಳು ಇನ್ನೂ ತಿರುಗುತ್ತಿರುವುದು ಬೆರಳಿಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಸ್ಕ್ರೀನ್ ತುಂಬ ಎರರ್ ಸಾಲುಗಳು. ನಾನು ಎಳೆದಿದ್ದು ಚೆನ್ನಾಗಿದ್ದ ಡಿಸ್ಕನ್ನ.

ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸರಿಗೂ ಸ್ಲಾಟ್‌ಗೂ ಸಂಬಂಧವೇ ಇಲ್ಲ. ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಯಾವ ಡಿಸ್ಕ್ ಮೊದಲು ಸಿಕ್ಕಿತೋ ಆ ಪ್ರಕಾರ ಹೆಸರು ಬೀಳುತ್ತದೆ, ರೀಬೂಟ್ ಆದರೆ ಬದಲಾಗಲೂಬಹುದು. ನಂಬಬೇಕಾದದ್ದು ಸೀರಿಯಲ್ ನಂಬರ್ ಒಂದನ್ನೇ. ಈಗ ಪ್ರತಿ ಟ್ರೇ ಮೇಲೂ ಅದರ ಕೊನೆಯ ನಾಲ್ಕು ಅಂಕಿ ಬರೆದು ಅಂಟಿಸಿದ್ದೇನೆ. ದಯವಿಟ್ಟು ನೀವು ಇವತ್ತೇ ಅಂಟಿಸಿ. ಕೆಟ್ಟ ದಿನ ಬಂದಾಗ ಹುಡುಕಲು ಕೈ ನಡುಗುತ್ತದೆ.

ಎಳೆದ ಡಿಸ್ಕನ್ನು ವಾಪಸ್ ತಳ್ಳಿದೆ, ಆದರೆ ರೇಡ್ ಎದ್ದೇಳಲಿಲ್ಲ. ಹೊಸದಾಗಿ ಕ್ರಿಯೇಟ್ ಮಾಡಿಬಿಡು, ಸರಿಹೋಗುತ್ತೆ ಅಂತ ಒಬ್ಬರು ಹೇಳಿದರು. ಯಾರಾದರೂ ನಿಮಗೆ ಹಾಗೆ ಹೇಳಿದರೆ ಖಂಡಿತ ಕೇಳಬೇಡಿ. ಕ್ರಿಯೇಟ್ ಕೊಟ್ಟರೆ ಡಿಸ್ಕ್‌ನಲ್ಲಿರುವ ರೇಡ್ ಮಾಹಿತಿಯ ಮೇಲೆ ಹೊಸದು ಬರೆದುಕೊಳ್ಳುತ್ತದೆ, ಡಿಸ್ಕ್‌ಗಳ ಕ್ರಮ ಒಂಚೂರು ತಪ್ಪಿದರೂ ಎಲ್ಲ ಅಯೋಮಯ. ನಾನು ರೇಡ್ ನಿಭಾಯಿಸುವ ಎಂಡಿಎಡಿಎಂ ಕಮಾಂಡ್‌ನಲ್ಲಿ ಅಸೆಂಬಲ್ (ಇದ್ದ ಡಿಸ್ಕ್‌ಗಳನ್ನೇ ಮತ್ತೆ ಜೋಡಿಸು) ಜೊತೆ ಫೋರ್ಸ್ ಕೊಟ್ಟೆ. ಎಳೆದು ಕೆಲವೇ ನಿಮಿಷ ಆಗಿದ್ದರಿಂದ ಮೂರು ಡಿಸ್ಕ್ ಮೇಲೆ ರೇಡ್ ಎದ್ದಿತು. ಅಬ್ಬಾ ಅನ್ನಿಸಿತು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ಡಿಸ್ಕ್ ಹಾಕಿ ರೀಬಿಲ್ಡ್‌ಗೆ ಬಿಟ್ಟೆ, ಅಂದರೆ ಉಳಿದ ಮೂರನ್ನು ಓದಿ ಹೊಸದನ್ನು ತುಂಬಿಸುವ ಕೆಲಸ. 61% ಹೊತ್ತಿಗೆ ನಿಂತುಹೋಯಿತು. ಮೊದಲನೇ ಸ್ಲಾಟ್‌ನ ಡಿಸ್ಕ್‌ನಲ್ಲಿ ಓದಲಾಗದ ಸೆಕ್ಟರ್‌ಗಳಿದ್ದವು (ಡಿಸ್ಕ್‌ನ ಪುಟ್ಟ ಪುಟ್ಟ ತುಂಡುಗಳು). ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 197ನೇ ಸಾಲು, ಅಂದರೆ ಪೆಂಡಿಂಗ್ ಸೆಕ್ಟರ್ ಲೆಕ್ಕ, 48 ತೋರಿಸುತ್ತಿತ್ತು. ಯಾರೂ ತೆರೆಯದ ಹಳೇ ಫೈಲ್‌ಗಳ ಜಾಗ ಅದು. ಓದದಿದ್ದರೆ ಕೆಟ್ಟಿದ್ದು ಗೊತ್ತಾಗುವುದು ಹೇಗೆ? ತಿಂಗಳಿಗೊಮ್ಮೆ ಇಡೀ ಡಿಸ್ಕ್ ಓದಿ ತಾಳೆ ನೋಡುವ ಸ್ಕ್ರಬ್ ಅಂತ ಒಂದಿದೆ. ಸರ್ವರ್ ನಿಧಾನವಾಗುತ್ತೆ ಅಂತ ನಾನೇ ಅದನ್ನು ನಿಲ್ಲಿಸಿದ್ದೆ. ಅದು ಓಡುತ್ತಿದ್ದರೆ, ಎಲ್ಲ ಡಿಸ್ಕ್ ಸರಿಯಿದ್ದಾಗಲೇ ರೇಡ್ ಆ ಸೆಕ್ಟರ್‌ಗಳನ್ನು ತಾನೇ ಸರಿಮಾಡಿ ಬರೆಯುತ್ತಿತ್ತು.

ಮತ್ತೆ ಮತ್ತೆ ರೀಬಿಲ್ಡ್ ಕೊಡಲಿಲ್ಲ, ಫೈಲ್ ವ್ಯವಸ್ಥೆಯ ದೋಷ ಹುಡುಕಿ ತಿದ್ದುವ ಎಫ್‌ಎಸ್‌ಸಿಕೆ ಮುಟ್ಟಲೂ ಇಲ್ಲ. ಸಾಯುತ್ತಿರುವ ಡಿಸ್ಕ್ ಮೇಲೆ ಅದನ್ನು ಓಡಿಸಿದರೆ ಇದ್ದದ್ದೂ ಹೋಗಬಹುದು. ರೇಡ್ ನಿಲ್ಲಿಸಿ, ಕೆಟ್ಟ ಡಿಸ್ಕ್‌ನಿಂದ ಓದಲಾದಷ್ಟನ್ನು ಎತ್ತಿಕೊಳ್ಳುವ ಡಿಡಿರೆಸ್ಕ್ಯೂನಿಂದ ಆ ಮೊದಲನೇ ಸ್ಲಾಟ್‌ನ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಿದೆ. ನಕಲನ್ನು ಹಾಕಿ ರೀಬಿಲ್ಡ್ ಮಾಡಿದಾಗ ದಾಟಿಕೊಂಡಿತು. ಐದು ಫೈಲ್ ಕೆಟ್ಟಿದ್ದವು. ಬ್ಯಾಕಪ್‌ನಲ್ಲಿ ಸಿಕ್ಕಿದ್ದು ಮೂರು. ಇನ್ನೆರಡು ಒಬ್ಬ ಸಹೋದ್ಯೋಗಿಯ ವಾರದ ಕೆಲಸ. ಅವರ ಮುಂದೆ ನಿಂತು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು.

ಎಲ್ಲ ತಣ್ಣಗಾದ ಮೇಲೆ, ಮೊದಲು ಕೈಕೊಟ್ಟಿತ್ತಲ್ಲ, ಆ ಡಿಸ್ಕ್‌ನ ಸ್ಮಾರ್ಟ್ ವರದಿ ತೆಗೆದೆ. ಕೆಟ್ಟು ಬದಲಾದ ಸೆಕ್ಟರ್‌ಗಳನ್ನು ಎಣಿಸುವ 5ನೇ ಸಾಲು ಸೊನ್ನೆ. 197 ಸೊನ್ನೆ. 199 ಮಾತ್ರ ಸಾವಿರ ದಾಟಿತ್ತು. ಅದು ಸಿಆರ್‌ಸಿ ಎರರ್ ಲೆಕ್ಕ, ಅಂದರೆ ಡಿಸ್ಕ್‌ಗೂ ಸರ್ವರ್‌ಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳು, ಜಾಸ್ತಿಯಾದರೆ ಸಾಮಾನ್ಯವಾಗಿ ಕೇಬಲ್ ಅಥವಾ ಕನೆಕ್ಟರ್ ಮೇಲೆ ಅನುಮಾನ ಪಡಬೇಕು. ಕೇಬಲ್ ಬದಲಾಯಿಸಿ, ಡಿಸ್ಕನ್ನು ಮೊದಲಿಂದ ಕೊನೆವರೆಗೆ ಓದಿಸಿ ನೋಡಿದೆ. ಒಂದೇ ಒಂದು ಎರರ್ ಬರಲಿಲ್ಲ.