ಕ್ರಿಪ್ಟ್‌ಟ್ಯಾಬ್‌ನ ಒಂದು ಸಾಲು, ಮತ್ತೆಂದೂ ತೆರೆಯದ ಡಿಸ್ಕ್: ಲಕ್ಸ್ ಬಳಸುವವರಿಗೆ ಎಚ್ಚರಿಕೆ

ಎರಡು ಡಿಸ್ಕ್ ಇದ್ದ ಲಿನಕ್ಸ್ ಯಂತ್ರಕ್ಕೆ ಮೂರನೆಯದನ್ನು ಜೋಡಿಸಿ ಆನ್ ಮಾಡಿದ್ದಾಯಿತು. ಲಾಗಿನ್ ಪರದೆ ಎಂದಿನಂತೆ ಬಂತು, ಎಲ್ಲೂ ದೋಷದ ಸುಳಿವಿಲ್ಲ. ದಾಖಲೆಗಳಿದ್ದ ಪಾರ್ಟಿಷನ್ ಲಕ್ಸ್‌ನಿಂದ (ಲಿನಕ್ಸಿನ ಡಿಸ್ಕ್ ಎನ್‌ಕ್ರಿಪ್ಷನ್ ವಿಧಾನ) ಎನ್‌ಕ್ರಿಪ್ಟ್ ಆದದ್ದು; ಅದು ಮಾತ್ರ ತೆರೆಯಲಿಲ್ಲ. ಪಾಸ್‌ಫ್ರೇಸ್ ಕೇಳುವಷ್ಟು ದೂರವೂ ಹೋಗಲಿಲ್ಲ.

ತಪ್ಪು ಇದ್ದದ್ದು ಕ್ರಿಪ್ಟ್‌ಟ್ಯಾಬ್ ಫೈಲಿನ, ಅಂದರೆ ಬೂಟ್ ಆಗುವಾಗ ಯಾವ ಎನ್‌ಕ್ರಿಪ್ಟ್ ಡಿಸ್ಕನ್ನು ಹೇಗೆ ತೆರೆಯಬೇಕೆಂಬ ಪಟ್ಟಿಯ, ಒಂದೇ ಸಾಲಿನಲ್ಲಿ. ಸ್ವಾಪ್‌ಗೆ (ಮೆಮೊರಿ ತುಂಬಿದಾಗ ಬಳಸುವ ಡಿಸ್ಕ್ ಜಾಗ) ಪ್ರತಿ ಬೂಟಿನಲ್ಲೂ ಯುರ‍್ಯಾಂಡಮ್‌ನಿಂದ ಯಾದೃಚ್ಛಿಕವಾದ ಹೊಸ ಕೀ ತೆಗೆದುಕೊಳ್ಳುವ ಸಾಲು ಅದು; ಸಾಧನದ ಹೆಸರು ಎಸ್‌ಡಿಬಿ2 ಎಂದು ಬರೆದಿತ್ತು. ಹೊಸ ಡಿಸ್ಕ್ ಎಸ್‌ಡಿಎ ಆಗಿ ಕೂತಿತು, ದಾಖಲೆಗಳ ಡಿಸ್ಕ್ ಎಸ್‌ಡಿಎಯಿಂದ ಎಸ್‌ಡಿಬಿಗೆ ಸರಿಯಿತು. ಸಿಸ್ಟಮ್ ತನಗೆ ಹೇಳಿದ್ದನ್ನೇ ಮಾಡಿತು: ಎಸ್‌ಡಿಬಿ2 ಮೇಲೆ ಪ್ಲೇನ್ ಮಾದರಿಯ ಎನ್‌ಕ್ರಿಪ್ಷನ್ ಹಾಕಿ, ಅದರೊಳಗೆ ಸ್ವಾಪ್ ರಚಿಸಿ, ಬಳಸಲು ಶುರು ಮಾಡಿತು. ಪ್ಲೇನ್ ಮಾದರಿಗೆ ಹೆಡರ್ (ಆರಂಭದಲ್ಲಿರುವ ವಿವರಗಳ ಭಾಗ) ಇರುವುದಿಲ್ಲ, ಕೆಳಗೆ ಏನಿದೆ ಎಂದು ಅದು ನೋಡುವುದೂ ಇಲ್ಲ. ಡೆಬಿಯನ್‌ನ ಸ್ಕ್ರಿಪ್ಟ್‌ಗಳಂಥ ಕೆಲವು ಕಡೆ ಮೊದಲೊಂದು ತಪಾಸಣೆ ಇದೆ. ಎಲ್ಲ ಕಡೆ ಇದ್ದೇ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ.

ಮುಂದಿನದನ್ನು ಓದುವ ಮೊದಲು ನಿಮ್ಮ ಕ್ರಿಪ್ಟ್‌ಟ್ಯಾಬ್ ತೆರೆದು ನೋಡಿಕೊಳ್ಳಿ. ಸ್ವಾಪ್ ಸಾಲಿನಲ್ಲಿ ಎಸ್‌ಡಿ ಎಂದು ಶುರುವಾಗುವ ಹೆಸರಿದ್ದರೆ ಇಂದೇ ಬದಲಿಸಿ. ಯುಯುಐಡಿ (ಪಾರ್ಟಿಷನ್ನಿನೊಳಗೆ ಬರೆದಿರುವ ಗುರುತಿನ ಸಂಖ್ಯೆ) ಹಾಕೋಣವೆಂದರೆ ಇಲ್ಲಿ ಅದು ನಡೆಯುವುದಿಲ್ಲ: ಪ್ರತಿ ಬೂಟಿನಲ್ಲೂ ಪಾರ್ಟಿಷನ್ನಿನ ಮೊದಲ ಬೈಟಿನಿಂದಲೇ ಹೊಸ ಗೂಢಲಿಪಿ ಬೀಳುವುದರಿಂದ ಯುಯುಐಡಿ ಉಳಿಯಲು ಜಾಗವೇ ಇಲ್ಲ. ಹಾಕಬೇಕಾದದ್ದು ಪಾರ್ಟ್‌ಯುಯುಐಡಿ. ಅದು ಇರುವುದು ಡಿಸ್ಕಿನ ಪಾರ್ಟಿಷನ್‌ಗಳ ಪಟ್ಟಿಯಾದ ಜಿಪಿಟಿ ಕೋಷ್ಟಕದಲ್ಲಿ, ಪಾರ್ಟಿಷನ್ ಒಳಗಲ್ಲ, ಹಾಗಾಗಿ ಅಳಿಯುವುದಿಲ್ಲ. ಇನ್ನೊಂದು ದಾರಿ ಎಂದರೆ ಸ್ವಾಪ್ ಪಾರ್ಟಿಷನ್ನಿನ ಆರಂಭದಲ್ಲಿ 1 ಎಂಬಿಯ ಪುಟ್ಟ ಇಎಕ್ಸ್‌ಟಿ2 ಫೈಲ್ ಸಿಸ್ಟಮ್ ಮಾಡಿ ಅದಕ್ಕೊಂದು ಲೇಬಲ್ ಕೊಡುವುದು, ಕ್ರಿಪ್ಟ್‌ಟ್ಯಾಬ್‌ನಲ್ಲಿ ಆ ಲೇಬಲ್ ಬರೆದು ಆಫ್‌ಸೆಟ್ 2048 ಸೆಕ್ಟರ್ ಎನ್ನುವುದು. ಆ ಲೇಬಲ್ ಇಲ್ಲದ ಪಾರ್ಟಿಷನ್ನಿನ ಮೇಲೆ ಆಗ ಸ್ವಾಪ್ ಕೂರಲಾರದು. ಸ್ವಲ್ಪ ಹೆಚ್ಚು ಕೆಲಸ, ಆದರೆ ಎರಡರಲ್ಲಿ ಇದೇ ವಾಸಿ.

ಇನ್ನು ಹಾನಿ ಎಷ್ಟಾಗಿತ್ತು ಎಂಬ ವಿಚಾರ. ಲಕ್ಸ್2 ಹೆಡರ್ ಸಾಮಾನ್ಯವಾಗಿ 16 ಎಂಬಿ ಜಾಗ ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ಮೊದಲ 16 ಕೆಬಿ ಒಂದು ಮೆಟಾಡೇಟಾ (ಎನ್‌ಕ್ರಿಪ್ಷನ್ ವಿವರಗಳು) ಪ್ರತಿ, ನಂತರದ 16 ಕೆಬಿ ಅದರದೇ ಎರಡನೇ ಪ್ರತಿ. ಪ್ರತಿಯೊಂದರಲ್ಲೂ ಮೊದಲ 4 ಕೆಬಿ ಬೈನರಿ ಭಾಗ, ಉಳಿದದ್ದು ಜೇಸನ್ ಪಠ್ಯ. 32 ಕೆಬಿಯಿಂದ ಮುಂದಕ್ಕೆ ಕೀಸ್ಲಾಟ್‌ಗಳು, ಅಂದರೆ ಡಿಸ್ಕಿನ ನಿಜವಾದ ಕೀಯನ್ನು ನಿಮ್ಮ ಪಾಸ್‌ಫ್ರೇಸ್‌ನಿಂದ ಮುಚ್ಚಿಟ್ಟ ಜಾಗ. ಮೆಟಾಡೇಟಾಗೆ ಎರಡು ಪ್ರತಿ ಇದೆ, ಕೀಸ್ಲಾಟ್‌ಗೆ ಒಂದೇ. ಈ ವ್ಯತ್ಯಾಸ ಗೊತ್ತಿಲ್ಲದೆ 'ಲಕ್ಸ್2ರಲ್ಲಿ ಹೆಡರಿಗೆ ಬ್ಯಾಕಪ್ ಒಳಗೇ ಇದೆಯಲ್ಲ' ಎಂದುಕೊಂಡವರು ಬಹಳ ಜನ.

ಸ್ವಾಪ್ ರಚಿಸುವಾಗ ಬರೆದದ್ದು ಮೊದಲ 4 ಕೆಬಿ ಮಾತ್ರ. ಮೊದಲ ಪ್ರತಿ ಕೆಟ್ಟಿತು, ಎರಡನೆಯದು ಹಾಗೇ ಇತ್ತು, ಕೀಸ್ಲಾಟ್‌ಗಳಿಗೆ ಏನೂ ಆಗಿರಲಿಲ್ಲ. ಸ್ವಾಪ್ ನಿಜಕ್ಕೂ ಬಳಕೆಯಾಗುವವರೆಗೆ ಇದೇ ಸ್ಥಿತಿ. ಸ್ವಾಪ್‌ಆನ್‌ಗೆ ಶೋ ಆಯ್ಕೆ ಕೊಟ್ಟು ನೋಡಿದ್ದರೆ 'ಯೂಸ್ಡ್' ಕಾಲಮಿನಲ್ಲಿ ಸೊನ್ನೆ ಕಾಣುತ್ತಿತ್ತು. ಆ ಸೊನ್ನೆ ಇರುವಷ್ಟು ಹೊತ್ತು ಇದು ಐದು ನಿಮಿಷದ ರಿಪೇರಿ. (ಹಳೆಯ ಲಕ್ಸ್1 ಆಗಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು: ಪಾಸ್‌ಫ್ರೇಸ್‌ನಿಂದ ಕೀ ಪಡೆಯಲು ಬೇಕಾದ ಸಾಲ್ಟ್, ಇಟರೇಷನ್ ಲೆಕ್ಕ ಎಲ್ಲವೂ ಮೊದಲ 592 ಬೈಟಿನಲ್ಲಿ, ಎರಡನೇ ಪ್ರತಿಯೇ ಇಲ್ಲ.)

ಆದರೆ ಮುಂದೆ ಆದದ್ದು ಬೇರೆ. 'ಒಮ್ಮೆ ರೀಸ್ಟಾರ್ಟ್ ಮಾಡಿ ನೋಡೋಣ' ಎಂದು ಮೂರು ಬಾರಿ ರೀಬೂಟ್. ಪ್ರತಿ ಬೂಟಿನಲ್ಲೂ ಹೊಸ ಕೀ, ಅದೇ ಜಾಗಕ್ಕೆ ಹೊಸ ಸ್ವಾಪ್. ನಡುವೆ ಪರಿಹಾರ ಹುಡುಕಲು ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದದ್ದರಿಂದ ಮೆಮೊರಿ ತುಂಬಿ, ಹೆಚ್ಚಾದ ಪುಟಗಳು ಸ್ವಾಪ್‌ಗೆ, ಅಂದರೆ ಕೀಸ್ಲಾಟ್‌ಗಳ ಮೇಲೆ ಹೋಗಿ ಕೂತವು. ಕೊನೆಗೆ ಲಕ್ಸ್ ನಿರ್ವಹಿಸುವ ಕ್ರಿಪ್ಟ್‌ಸೆಟಪ್‌ನ ರಿಪೇರ್ ಕಮಾಂಡ್ ಓಡಿಸಿದಾಗ ಹೆಡರ್ ಸರಿಹೋಯಿತು, ಹೆಡರಿನ ವಿವರ ತೋರಿಸುವ ಲಕ್ಸ್‌ಡಂಪ್ ಎಲ್ಲವನ್ನೂ ಚೆಂದವಾಗಿ ತೋರಿಸಿತು, ಪಾಸ್‌ಫ್ರೇಸ್ ಕೊಟ್ಟರೆ 'ಈ ಪಾಸ್‌ಫ್ರೇಸ್‌ಗೆ ಕೀ ಇಲ್ಲ' ಎಂದಿತು. ರಿಪೇರ್ ಮೆಟಾಡೇಟಾವನ್ನಷ್ಟೇ ಸರಿಮಾಡಬಲ್ಲದು, ಹೋದ ಕೀಸ್ಲಾಟನ್ನು ಹುಟ್ಟಿಸಲಾರದು.

ಕೀಸ್ಲಾಟ್ ಇಷ್ಟು ನಾಜೂಕಾಗಿರುವುದು ಅಕಸ್ಮಾತ್ ಅಲ್ಲ. 64 ಬೈಟಿನ ಕೀಯನ್ನು 4000 ಪಟ್ಟಿಗಳಾಗಿ ಹರಡಿ 2,56,000 ಬೈಟ್ ಮಾಡಿ ಬರೆಯುತ್ತಾರೆ. ಪಾಸ್‌ಫ್ರೇಸ್ ರದ್ದು ಮಾಡಿದರೆ ಅದು ನಿಜವಾಗಿಯೂ ಅಳಿಯಲಿ, ಎಲ್ಲೋ ಉಳಿದ ಚೂರಿನಿಂದ ಕೀ ಮರಳಿ ಬಾರದಿರಲಿ ಎಂದು ಈ ಏರ್ಪಾಡು. ಅದರ ಇನ್ನೊಂದು ಮುಖವೆಂದರೆ ಆ ಎರಡೂವರೆ ಲಕ್ಷ ಬೈಟಿನಲ್ಲಿ ಒಂದೇ ಒಂದು ಬಿಟ್ ತಿರುಗಿದರೂ ಆ ಸ್ಲಾಟ್ ಸತ್ತಂತೆ. ದತ್ತಾಂಶದ ಭಾಗದಲ್ಲಿ ಒಂದು ಸೆಕ್ಟರ್ ಕೆಟ್ಟರೆ ಆ ಸೆಕ್ಟರ್ ಮಾತ್ರ ಹೋಗುತ್ತದೆ. ಇಲ್ಲಿ ಕೆಟ್ಟರೆ ಇಡೀ ಡಿಸ್ಕ್.

ಕ್ರಿಪ್ಟ್‌ಸೆಟಪ್‌ನ ಸೋರ್ಸ್ ಜೊತೆ ಕೀಸ್ಲಾಟ್ ಪರೀಕ್ಷಿಸುವ ಸಣ್ಣ ಪ್ರೋಗ್ರಾಮ್ ಬರುತ್ತದೆ. ಯಾದೃಚ್ಛಿಕವಲ್ಲದ ಬೈಟುಗಳು ಎಲ್ಲಿ ಸೇರಿಕೊಂಡಿವೆ ಎಂದು ಅದು ಹುಡುಕಿ ಹೇಳುತ್ತದೆ. ಸೊನ್ನೆಯೋ ಪಠ್ಯವೋ ಬಿದ್ದಿದ್ದರೆ ಹಿಡಿಯುತ್ತದೆ. ಈ ಪ್ರಕರಣದಲ್ಲಿ ಬಿದ್ದದ್ದು ಎನ್‌ಕ್ರಿಪ್ಟ್ ಆದ ಸ್ವಾಪ್, ಅದೂ ನೋಡಲು ಯಾದೃಚ್ಛಿಕವೇ. ಹೆಕ್ಸ್‌ಡಂಪ್‌ನಲ್ಲಿ ಕೆಟ್ಟ ಸ್ಲಾಟ್ ಮತ್ತು ಒಳ್ಳೆಯ ಸ್ಲಾಟ್ ಒಂದೇ ಥರ ಕಾಣುತ್ತವೆ. ಎರಡನೇ ಪಾಸ್‌ಫ್ರೇಸ್ ಸೇರಿಸಿಟ್ಟಿದ್ದರೆ ಒಂದು ಆಸೆ ಇರುತ್ತಿತ್ತು: ಮೊದಲ ಸ್ಲಾಟ್ 32,768ನೇ ಬೈಟಿನಿಂದ, ಎರಡನೆಯದು 2,90,816ರಿಂದ ಶುರು. ಒಂದು ಹೋದರೂ ಇನ್ನೊಂದು ಉಳಿದಿರಬಹುದಿತ್ತು. ಇಲ್ಲಿ ಇದ್ದದ್ದು ಒಂದೇ ಸ್ಲಾಟ್. ದಾಖಲೆಗಳು ಹೋದವು.

ಇಂಥದ್ದು ಎದುರಾದರೆ ಮೊದಲು ಸ್ವಾಪ್‌ಆಫ್ ಮಾಡಿ, ಕ್ರಿಪ್ಟ್‌ಸೆಟಪ್ ಕ್ಲೋಸ್‌ನಿಂದ ಆ ಮ್ಯಾಪಿಂಗ್ ಮುಚ್ಚಿ, ಕ್ರಿಪ್ಟ್‌ಟ್ಯಾಬ್ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ. ಅದೇ ಸಿಸ್ಟಮ್ಮಿಗೆ ಮತ್ತೆ ಬೂಟ್ ಆಗಬೇಡಿ. ಮುಂದಿನ ಕೆಲಸ ಲೈವ್ ಯುಎಸ್‌ಬಿಯಲ್ಲಿ. ಡಿಡಿ ಕಮಾಂಡಿನಿಂದ ಪಾರ್ಟಿಷನ್ನಿನ ಮೊದಲ 32 ಎಂಬಿಯನ್ನು ಬೇರೆ ಡಿಸ್ಕಿನ ಫೈಲಿಗೆ ಇಳಿಸಿಕೊಳ್ಳಿ, ಅದಕ್ಕೊಂದು ನಕಲು ಮಾಡಿ. ಹೆಕ್ಸ್‌ಡಂಪ್‌ನಲ್ಲಿ 16,384ನೇ ಬೈಟಿಗೆ ಹೋಗಿ ನೋಡಿ: 'ಲಕ್ಸ್' ಎಂಬ ನಾಲ್ಕು ರೋಮನ್ ಅಕ್ಷರ ತಿರುಗುಮುರುಗಾಗಿ ಕಂಡರೆ ಎರಡನೇ ಪ್ರತಿ ಜೀವಂತ. ರಿಪೇರ್ ಕಮಾಂಡನ್ನು ಮೊದಲು ನಕಲಿನ ಮೇಲೆ ಓಡಿಸಿ, ಟೆಸ್ಟ್-ಪಾಸ್‌ಫ್ರೇಸ್ ಆಯ್ಕೆಯೊಂದಿಗೆ ಓಪನ್ ಕೊಟ್ಟು ಕೀಸ್ಲಾಟ್ ತೆರೆಯುತ್ತದೆಯೇ ನೋಡಿ. ನಕಲಿನಲ್ಲಿ ಗೆದ್ದ ಮೇಲೆಯೇ ಅಸಲಿಗೆ ಕೈ ಹಾಕಿ, ಅಲ್ಲೂ ಮೊದಲ ಬಾರಿ ರೀಡ್‌ಓನ್ಲಿ. ಡಿಸ್ಕ್ ಸದ್ದು ಮಾಡುತ್ತಿದ್ದರೆ, ರೀಡ್ ಎರರ್ ಕೊಡುತ್ತಿದ್ದರೆ ಇದ್ಯಾವುದಕ್ಕೂ ಮೊದಲು ಡಿಡಿರೆಸ್ಕ್ಯೂನಿಂದ ಪೂರ್ತಿ ಇಮೇಜ್ ತೆಗೆಯಿರಿ.

ಹೆಡರ್ ಕೆಡುವ ಬೇರೆ ದಾರಿಗಳೂ ಇವೆ, ಎಲ್ಲವೂ ಒಂದೇ ತೂಕದವಲ್ಲ. ವೈಪ್‌ಎಫ್‌ಎಸ್ ಅಳಿಸುವುದು ಗುರುತಿನ ಕೆಲವೇ ಬೈಟುಗಳನ್ನು. ಯಾವ ಸ್ಥಾನದಲ್ಲಿ ಏನನ್ನು ಅಳಿಸಿತು ಎಂದು ಪರದೆಯ ಮೇಲೆ ಬರೆಯುತ್ತದೆ, ಆ ಬೈಟುಗಳನ್ನು ವಾಪಸ್ ಬರೆದರೆ ಮುಗಿಯಿತು. ಟರ್ಮಿನಲ್ ಮುಚ್ಚಬೇಡಿ ಅಷ್ಟೆ. ಲಕ್ಸ್‌ಇರೇಸ್ ಅದರ ತಮ್ಮನಂತೆ ಕಂಡರೂ ಎಲ್ಲ ಕೀಸ್ಲಾಟ್‌ಗಳನ್ನೂ ನಾಶ ಮಾಡುತ್ತದೆ, ಅದಕ್ಕೆ ವಾಪಸ್ ದಾರಿಯಿಲ್ಲ. ಎಸ್‌ಎಸ್‌ಡಿಯ ಮೇಲೆ ಹೊಸ ಫೈಲ್ ಸಿಸ್ಟಮ್ ಮಾಡುವ ಎಂಕೆಎಫ್‌ಎಸ್ ಓಡಿಸಿದರೆ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೂರೂ ತಾವಾಗಿಯೇ ಇಡೀ ಪಾರ್ಟಿಷನ್ನಿಗೆ ಟ್ರಿಮ್ (ಈ ಜಾಗ ಇನ್ನು ಖಾಲಿ ಎಂಬ ಆಜ್ಞೆ) ಕಳುಹಿಸುತ್ತವೆ. ಆಗ ಹೆಡರ್ ಬ್ಯಾಕಪ್ ಇದ್ದರೂ ತೆರೆದು ನೋಡಲು ಒಳಗೆ ಏನೂ ಉಳಿದಿರುವುದಿಲ್ಲ.

ಪಾರ್ಟಿಷನ್ ಇಲ್ಲದೆ ಇಡೀ ಡಿಸ್ಕಿಗೇ ಲಕ್ಸ್ ಹಾಕುವವರಿಗೆ ಇನ್ನೊಂದು ಗುಂಡಿ ಕಾದಿದೆ. ಅಂಥ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗ 'ಇನಿಶಿಯಲೈಸ್ ಮಾಡಲೇ' ಎಂದು ಕೇಳುತ್ತದೆ, ಕೈ ತಪ್ಪಿ ಒಪ್ಪಿದರೆ ಜಿಪಿಟಿ ಕೋಷ್ಟಕ ಬೀಳುತ್ತದೆ. ಅದರ ಅಳತೆ 34 ಸೆಕ್ಟರ್, 17,408 ಬೈಟ್. ಲಕ್ಸ್2ರ ಎರಡನೇ ಪ್ರತಿ ಶುರುವಾಗುವುದು 16,384ಕ್ಕೆ. ಅಂದರೆ ಮೊದಲ ಪ್ರತಿಯನ್ನು ಪೂರ್ತಿ ನುಂಗಿ, ಎರಡನೆಯದರ ತಲೆಯ 1 ಕೆಬಿಯನ್ನೂ ಕಚ್ಚುತ್ತದೆ. ರಿಪೇರ್ ಕೈ ಚೆಲ್ಲುತ್ತದೆ. ಆದರೂ 20,480ರಿಂದ ಮುಂದಿನ ಜೇಸನ್ ಪಠ್ಯವೂ ಕೀಸ್ಲಾಟ್‌ಗಳೂ ಉಳಿದಿರುವುದರಿಂದ, ಬೈನರಿ ಭಾಗವನ್ನು ಚೆಕ್‌ಸಮ್ ಸಮೇತ ಕೈಯಾರೆ ಕಟ್ಟಿ ಬದುಕಿಸಲು ಸಾಧ್ಯ. ಮೊದಲ ಸಲ ಮಾಡುವವರು ನಕಲಿನ ಮೇಲೆ ಒಂದು ದಿನ ಕಳೆಯುವ ಕೆಲಸ ಅದು. ಹಾಕುವಾಗಲೇ ಒಂದು ಪಾರ್ಟಿಷನ್ ಮಾಡಿಕೊಂಡಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ.

ಸ್ವಾಪ್ ಪ್ರಕರಣಕ್ಕೆ ತದ್ವಿರುದ್ಧ ಸನ್ನಿವೇಶವೂ ಒಂದಿದೆ. ಡಿಸ್ಕ್ ತೆರೆದು ಮೌಂಟ್ ಆಗಿರುವಾಗಲೇ ತಪ್ಪು ಡಿಡಿಯಿಂದ ಹೆಡರ್ ಹೋಯಿತು ಅನ್ನಿ: ಆಗ ಯಂತ್ರವನ್ನು ಯಾವ ಕಾರಣಕ್ಕೂ ಆಫ್ ಮಾಡಬೇಡಿ, ಅನ್‌ಮೌಂಟ್ ಕೂಡ ಬೇಡ. ಕೀ ಇನ್ನೂ ಕರ್ನೆಲ್‌ನಲ್ಲಿದೆ, ಫೈಲುಗಳನ್ನು ಹೊರಗೆ ನಕಲು ಮಾಡಿಕೊಳ್ಳಬಹುದು. ಲಕ್ಸ್1 ಆದರೆ ಡಿಎಂಸೆಟಪ್ ಟೇಬಲ್‌ಗೆ ಶೋಕೀಸ್ ಆಯ್ಕೆ ಕೊಟ್ಟಾಗ ಕೀ ಅಕ್ಷರಶಃ ಕಾಣುತ್ತದೆ, ಬರೆದಿಟ್ಟುಕೊಂಡರೆ ಹೊಸ ಹೆಡರ್ ಕಟ್ಟಬಹುದು. ಲಕ್ಸ್2ರಲ್ಲಿ ಕೀ ಕರ್ನೆಲ್ ಕೀರಿಂಗ್‌ನಲ್ಲಿ ಇರುವುದರಿಂದ ಅಲ್ಲಿ ಬರೀ ಅದರ ಹೆಸರು ಕಾಣುತ್ತದೆ. ಆ ಲೆಕ್ಕದಲ್ಲಿ ಲಕ್ಸ್2 ಹೆಚ್ಚು ಭದ್ರ, ನಮ್ಮಿಂದಲೂ ಭದ್ರ.

ಹೆಡರ್ ಬ್ಯಾಕಪ್‌ಗೆ ಲಕ್ಸ್‌ಹೆಡರ್‌ಬ್ಯಾಕಪ್ ಕಮಾಂಡ್ ಸಾಕು, ಬರುವುದು 16 ಎಂಬಿಯ ಫೈಲು. ಅದನ್ನು ಅದೇ ಎನ್‌ಕ್ರಿಪ್ಟ್ ಆದ ಡಿಸ್ಕಿನೊಳಗೆ ಇಟ್ಟವರಿದ್ದಾರೆ. ಬೀಗದ ಕೀಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಂತೆ. ಬ್ಯಾಕಪ್ ತೆಗೆದ ದಿನವೇ ಹೆಡರ್ ಆಯ್ಕೆಯಲ್ಲಿ ಆ ಫೈಲನ್ನು ಕೊಟ್ಟು ಡಿಸ್ಕನ್ನು ರೀಡ್‌ಓನ್ಲಿಯಾಗಿ ತೆರೆದು, ಒಳಗಿನ ಫೈಲ್ ಸಿಸ್ಟಮ್ ಮೌಂಟ್ ಆಗುತ್ತದೆಯೇ ನೋಡಿ. ಟೆಸ್ಟ್-ಪಾಸ್‌ಫ್ರೇಸ್ ಮಾತ್ರ ಸಾಲದು: ಪಾಸ್‌ಫ್ರೇಸ್ ಆ ಹೆಡರಿಗೆ ಸರಿ ಎಂದಷ್ಟೇ ಅದು ಹೇಳುತ್ತದೆ, ಹೆಡರ್ ಈ ಡಿಸ್ಕಿನದೇ ಎಂದು ಹೇಳುವುದಿಲ್ಲ.

ಆ ಫೈಲು ತೆಗೆದ ದಿನದ ಪಾಸ್‌ಫ್ರೇಸ್‌ಗಳು ಅದರಲ್ಲಿ ಎಂದೆಂದಿಗೂ ನಡೆಯುತ್ತವೆ. ಪಾಸ್‌ಫ್ರೇಸ್ ಯಾರಿಗೋ ಗೊತ್ತಾಯಿತೆಂದು ಬದಲಿಸಿದರೂ ಹಳೆಯ ಬ್ಯಾಕಪ್ ಅವರ ಕೈಗೆ ಸಿಕ್ಕರೆ ಹಳೆಯ ಪಾಸ್‌ಫ್ರೇಸ್‌ನಿಂದಲೇ ಡಿಸ್ಕ್ ತೆರೆದುಕೊಳ್ಳುತ್ತದೆ. ಅದನ್ನು ನಿಜವಾಗಿ ತಡೆಯುವುದು ಇಡೀ ಡಿಸ್ಕನ್ನು ಹೊಸ ಕೀಯಿಂದ ಮತ್ತೆ ಬರೆಯುವ ರೀಎನ್‌ಕ್ರಿಪ್ಟ್ ಮಾತ್ರ. ರೀಎನ್‌ಕ್ರಿಪ್ಟ್ ಆದ ಮೇಲೆ ಹಳೆಯ ಹೆಡರ್ ಫೈಲನ್ನು ಅಳಿಸಿಬಿಡಿ: ಅದರಲ್ಲಿರುವುದು ಹಳೆಯ ಕೀ, ತಪ್ಪಿ ರಿಸ್ಟೋರ್ ಮಾಡಿದರೆ ಈಗಿನ ಕೀಸ್ಲಾಟ್‌ಗಳೆಲ್ಲ ಹೋಗಿ ಕೈಗೆ ಬರುವುದು ಕಸ.

ಪಾಸ್‌ಫ್ರೇಸ್ ಸರಿ ಇದ್ದೂ 'ಕೀ ಇಲ್ಲ' ಎಂದರೆ ಗಾಬರಿ ಬೀಳುವ ಮೊದಲು ಕೀಬೋರ್ಡ್ ವಿನ್ಯಾಸ ನೋಡಿ. ಬೂಟ್ ಹೊತ್ತಿನಲ್ಲಿ ಅಮೆರಿಕನ್ ವಿನ್ಯಾಸ ಇದ್ದು, ಡೆಸ್ಕ್‌ಟಾಪ್‌ನಲ್ಲಿ ಬೇರೆಯದಿದ್ದರೆ ಚಿಹ್ನೆಗಳು ಅದಲುಬದಲಾಗುತ್ತವೆ. ಇನ್ನು ಓಪನ್ ಮಧ್ಯದಲ್ಲೇ ಸತ್ತರೆ ಮೆಮೊರಿ ಕಡಿಮೆ ಇರಬಹುದು: ಪಾಸ್‌ಫ್ರೇಸ್‌ನಿಂದ ಕೀ ಕಟ್ಟುವ ಲಕ್ಸ್2ರ ಆರ್ಗಾನ್2 ವಿಧಾನ ಒಂದು ಸ್ಲಾಟ್ ತೆರೆಯಲು 1 ಜಿಬಿವರೆಗೂ ಕೇಳುತ್ತದೆ, 512 ಎಂಬಿಯ ಪುಟ್ಟ ಬೋರ್ಡಿಗೆ ಅದು ಆಗದ ಮಾತು. ಎಷ್ಟು ಬೇಕೆಂಬುದು ಲಕ್ಸ್‌ಡಂಪ್‌ನ 'ಮೆಮೊರಿ' ಸಾಲಿನಲ್ಲಿ ಇರುತ್ತದೆ. ಡಿಸ್ಕನ್ನು ದೊಡ್ಡ ಯಂತ್ರಕ್ಕೆ ಜೋಡಿಸಿ ತೆರೆಯಿರಿ. ಜೋಡಿಸುವ ಮೊದಲು ಆ ಯಂತ್ರದ ಕ್ರಿಪ್ಟ್‌ಟ್ಯಾಬ್ ಒಮ್ಮೆ ನೋಡಿ.