ಶಾಲೆಯ 'ಅಸೆಸ್‌ಮೆಂಟ್'ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

"ನಿಮ್ಮ ಮಗು ಓದಿನಲ್ಲಿ ಹಿಂದಿದೆ. ಕೌನ್ಸೆಲರ್ ಶಾಲೆಗೇ ಬರ್ತಾರೆ, ಅಸೆಸ್‌ಮೆಂಟ್ ಮಾಡಿಸಿಬಿಡೋಣ." ಅಸೆಸ್‌ಮೆಂಟ್ ಅಂದರೆ ಮಗುವಿಗೆ ಕಲಿಕೆಯ ತೊಂದರೆ ಇದೆಯಾ ಅಂತ ನೋಡುವ ಪರೀಕ್ಷೆ. ನಿಮ್ಮ ಶಾಲೆಯವರು ಹೀಗಂದರೆ ತಕ್ಷಣ ಹೂಂ ಅನ್ನಬೇಡಿ. ನಾವು ವಿರಾಜಪೇಟೆ ಕಡೆಯವರು. ಶಾಲೆಯ ಹೆಸರು ಬರೆಯುವುದಿಲ್ಲ, ಮಗ ಈಗಲೂ ಅಲ್ಲೇ ಓದುತ್ತಿದ್ದಾನೆ.

ಅವನು ನಾಲ್ಕನೇ ಕ್ಲಾಸು. ಮಾತು ಚುರುಕು, ಕಾಫಿ ಮೂಟೆ ಲೆಕ್ಕ ಬಾಯಲ್ಲೇ ಹೇಳುತ್ತಾನೆ. ಬರೆಯಲು ಕೂತರೆ ಮಾತ್ರ ಒದ್ದಾಟ. 'ಅಕ್ಕ' ಅಂದರೆ 'ಅಕ' ಅಂತ ಬರೆಯುತ್ತಾನೆ. ಒತ್ತಕ್ಷರ ಕೈಗೇ ಬರುವುದಿಲ್ಲ. ಪ, ಷ ಅದಲುಬದಲಾಗುತ್ತವೆ. ಇದನ್ನು ಮೊದಲು ಗಮನಿಸಿದ್ದು ಕ್ಲಾಸ್ ಟೀಚರೇ, ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ಮಳೆ ರಜೆ ಮುಗಿಯಲಿ, ಪರೀಕ್ಷೆ ಮುಗಿಯಲಿ ಅಂತ ಶಾಲೆ ಅಸೆಸ್‌ಮೆಂಟನ್ನು ತಿಂಗಳುಗಟ್ಟಲೆ ಎಳೆಯಿತು. ಕೊನೆಗೆ ಹೊರಗಿನಿಂದ ಬಂದ ಒಬ್ಬರು ಒಂದೇ ಪೀರಿಯಡ್‌ನಲ್ಲಿ ಎಲ್ಲಾ ಮುಗಿಸಿದರು. ಅಪ್ಪ ಅಮ್ಮನನ್ನು ಒಂದು ಮಾತೂ ಕೇಳಲಿಲ್ಲ. ನಮ್ಮನೆಯಲ್ಲಿ ಮಾತಾಡೋದು ಕೊಡವ ತಕ್ಕ್, ಇವರು ಕೇಳಿದ್ದೆಲ್ಲ ಬರೀ ಇಂಗ್ಲಿಷ್‌ನಲ್ಲಿ. ಕಣ್ಣು, ಕಿವಿ ಸರಿ ಇದೆಯಾ ಅಂತ ಮೊದಲು ನೋಡಬೇಕು ಅಲ್ವಾ? ಅದೂ ಇಲ್ಲ.

ಬಂದ ರಿಪೋರ್ಟ್ ನೋಡಲು ಚೆನ್ನಾಗಿತ್ತು, ಬಣ್ಣದ ಹಾಳೆ, ಸ್ಪೈರಲ್ ಬೈಂಡಿಂಗ್. ಎರಡನೇ ಪುಟಕ್ಕೆ ಹೋದರೆ ನನ್ನ ಮಗ 'ಶೀ' ಆಗಿಬಿಟ್ಟಿದ್ದ! ಯಾವುದೋ ಹುಡುಗಿಯ ರಿಪೋರ್ಟಿಗೆ ಇವನ ಹೆಸರು ಅಂಟಿಸಿದ್ದರು. ಐಕ್ಯೂ ಅಂತ ಒಂದು ಅಂಕಿ ಇತ್ತು, ಯಾವ ಪರೀಕ್ಷೆಯಿಂದ ಬಂತು ಅಂತ ಇರಲಿಲ್ಲ. ಸಹಿ ಇತ್ತು, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಇರಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಈ ನಂಬರ್ ಇರಲೇಬೇಕು. ಸುಮ್ನೆ ಒಂದು ಸಲ ಕೇಳಿ ನೋಡಿ, ಅರ್ಧ ಜನ ಅಲ್ಲೇ ತಡವರಿಸುತ್ತಾರೆ.

ಅದೇ ಕಾಗದ ಹಿಡಿದು ಶಾಲೆಯವರು "ಇಂಥ ಮಕ್ಕಳಿಗೆ ನಮ್ಮಲ್ಲಿ ಸೌಲಭ್ಯ ಇಲ್ಲ, ಟಿಸಿ ತಗೊಳ್ಳಿ" ಅಂದರು. ಇದಕ್ಕೆ ಹೆದರಬೇಡಿ. ಎಂಟನೇ ಕ್ಲಾಸ್ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆಯುವಂತಿಲ್ಲ, 2009ರ ಆರ್‌ಟಿಇ ಕಾಯ್ದೆಯಲ್ಲೇ ಇದೆ. ಕಲಿಕೆಯ ತೊಂದರೆಯನ್ನು ಬೇಗ ಗುರುತಿಸಿ ಅದಕ್ಕೆ ತಕ್ಕಂತೆ ಕಲಿಸುವುದು ಮಾನ್ಯತೆ ಪಡೆದ ಶಾಲೆಯ ಕೆಲಸ ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅದರಲ್ಲಿರುವ 21 ವಿಧದ ಅಂಗವೈಕಲ್ಯಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಈ ಎರಡು ಕಾಯ್ದೆಗಳ ಹೆಸರು ಹಾಕಿ ಪತ್ರ ಬರೆದ ಮೇಲೆ ಟಿಸಿ ಮಾತು ನಿಂತಿತು.

ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದೆವು. ಗೋಣಿಕೊಪ್ಪ, ಹುಣಸೂರು ದಾಟಿ ಹೋಗಬೇಕು, ದೂರವೇ. ಆದರೆ ಮೊದಲು ಕಿವಿ ಪರೀಕ್ಷೆ ಮಾಡಿದರು, ಮನೆ ಭಾಷೆ ಕೇಳಿದರು, ಕನ್ನಡದಲ್ಲಿ ಓದಿಸಿದರು, ಬರೆಸಿದರು. ಒಂದೇ ದಿನಕ್ಕೆ ಮುಗಿಯಲಿಲ್ಲ. ಖರ್ಚು ಶಾಲೆಯವರು ಕಿತ್ತುಕೊಂಡಿದ್ದಕ್ಕಿಂತ ಕಡಿಮೆ. ಜಿಲ್ಲೆ ಬಿಟ್ಟು ಹೋಗಲು ಆಗದವರು ಮೊದಲು ತಾಲ್ಲೂಕಿನ ಬಿಆರ್‌ಸಿಗೆ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಹೋಗಿ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಶಿಕ್ಷಕರು ಅವರು, ವೈದ್ಯಕೀಯ ತಪಾಸಣೆ ಶಿಬಿರ ಯಾವಾಗ ಅಂತ ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಸಮಯ ಬೇಕು, ಬರೆಯಲು ಸಹಾಯಕರು ಬೇಕು ಅಂದರೆ ಸರ್ಕಾರ ಒಪ್ಪುವ ಪ್ರಮಾಣಪತ್ರವೇ ಬೇಕು. ಬಣ್ಣದ ರಿಪೋರ್ಟ್ ಅಲ್ಲಿ ನಡೆಯುವುದಿಲ್ಲ. ಕಲಿಕಾ ನ್ಯೂನತೆಗೆ 8 ವರ್ಷ ತುಂಬಿದ ಮೇಲೆಯೇ ಪ್ರಮಾಣಪತ್ರ ಕೊಡುವುದು. ಆರು ವರ್ಷದ ಮಗುವಿಗೆ 'ಸರ್ಟಿಫಿಕೇಟ್ ಕೊಡಿಸ್ತೀವಿ' ಅಂದರೆ ಅನುಮಾನಪಡಿ.

ಶಾಲೆಗೆ ಏನೇ ಕೇಳುವುದಿದ್ದರೂ ಕಾಗದದಲ್ಲಿ ಕೇಳಿ, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ನಮಗೆ ಸೀಲ್ ಹಾಕಲು ಒಪ್ಪಲಿಲ್ಲ. ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಒಂದು ಪ್ರತಿ ಬಿಇಒ ಕಚೇರಿಗೂ ಹಾಕಿದೆವು. ಆ ವಾರವೇ ಫೋನ್ ಬಂತು.