ಬಲ್ಕ್ ಎಸ್ಸೆಮ್ಮೆಸ್ ಕೊಳ್ಳುವ ಅಂಗಡಿಯವರೇ, ‘ಕ್ರೆಡಿಟ್’ ಅಂದರೆ ಮೆಸೇಜ್ ಅಲ್ಲ!

ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ. ಹದಿನೆಂಟು ವರ್ಷದ ವ್ಯಾಪಾರ. ಮೀಟರ್ ಲೆಕ್ಕದಲ್ಲಿ ಒಂದು ಇಂಚೂ ಮೋಸ ಹೋದವನಲ್ಲ. ಅಂಥವನು ಅಕ್ಷರದ ಲೆಕ್ಕದಲ್ಲಿ ಮೋಸ ಹೋದೆ. ಬರೆಯೋಕೂ ನಾಚಿಕೆ ಆಗುತ್ತದೆ. ಆದರೆ ದಸರಾ, ದೀಪಾವಳಿ ಮುಂದಿದೆ, ಬಲ್ಕ್ ಎಸ್ಸೆಮ್ಮೆಸ್, ಅಂದರೆ ಒಂದೇ ಸಲಕ್ಕೆ ಸಾವಿರಾರು ಜನಕ್ಕೆ ಮೆಸೇಜ್ ಬಿಡುವ ಪ್ಯಾಕ್ ಮಾರುವ ಏಜೆಂಟರು ಅಂಗಡಿ ಅಂಗಡಿ ಸುತ್ತುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬಿಲ್ ಮಾಡುವಾಗ ಗಿರಾಕಿಗಳ ಫೋನ್ ನಂಬರ್ ಬರೆದುಕೊಳ್ಳುವುದು ನಮ್ಮ ರೂಢಿ. ‘ಹೊಸ ಸ್ಟಾಕ್ ಬಂದರೆ ತಿಳಿಸ್ತೀವಿ ಅಕ್ಕ’ ಅಂತ ಹೇಳಿಯೇ ಬರೆಸಿಕೊಳ್ಳುತ್ತೇವೆ. ಹಾಗೆ ಸೇರಿದ್ದು ಸುಮಾರು 4,000 ನಂಬರ್. ಗೌರಿ ಹಬ್ಬಕ್ಕೆ ಮುಂಚೆ ಮೈಸೂರಿನಿಂದ ಒಬ್ಬ ಏಜೆಂಟ್ ಬಂದರು. ಒಳ್ಳೆ ಮಾತು, ಇಸ್ತ್ರಿ ಮಾಡಿದ ಅಂಗಿ. ‘ತಿಂಗಳಿಗೊಂದು ಮೆಸೇಜ್ ಅಂದ್ರೂ ವರ್ಷಕ್ಕೆ 48,000 ಆಯ್ತು ಸರ್. 50,000ದ ಪ್ಯಾಕ್ ತಗೊಳ್ಳಿ, ಒಂದಕ್ಕೆ 14 ಪೈಸೆ’ ಅಂದರು. 7,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 8,260. ಈ ಲೆಕ್ಕ ಹಾಕಿದ್ದು ನಾನಲ್ಲ, ಅವರೇ. ಇದನ್ನು ನೆನಪಿಟ್ಟುಕೊಳ್ಳಿ.

ಹೀಗೆ ವ್ಯಾಪಾರದ ಮೆಸೇಜ್ ಕಳಿಸಬೇಕಾದರೆ ಡಿಎಲ್‌ಟಿ ಅಂತ ಒಂದು ರಿಜಿಸ್ಟ್ರೇಷನ್ ಬೇಕು. ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ ಟ್ರಾಯ್ 2018ರಲ್ಲಿ ತಂದ ನಿಯಮ. ಅಂಗಡಿ ಹೆಸರು, ಮೆಸೇಜ್ ಯಾರ ಹೆಸರಲ್ಲಿ ಹೋಗಬೇಕೋ ಆ ಹೆಡರ್, ಮೆಸೇಜಿನ ಒಕ್ಕಣೆ, ಎಲ್ಲ ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ‘ಅದೆಲ್ಲ ನಮಗೆ ಬಿಡಿ ಸರ್’ ಅಂತ ಅದಕ್ಕೂ ಬೇರೆ ದುಡ್ಡು ತೆಗೆದುಕೊಂಡರು. ಮೆಸೇಜನ್ನು ನನ್ನ ಹೆಂಡತಿ ಅವರ ಎದುರಿಗೇ ಕೂತು ಬರೆದಳು. ಕನ್ನಡದಲ್ಲಿ. ಎರಡೂವರೆ ಸಾಲು. ಅವರು ಓದಿ ‘ಸೂಪರ್ ಮೇಡಂ’ ಅಂದರು. ಸೂಪರ್ರೇ!

ಹಬ್ಬದ ಹಿಂದಿನ ವಾರ 4,000 ಜನಕ್ಕೂ ಮೆಸೇಜ್ ಬಿಟ್ಟೆವು. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಸುಮ್ನೆ ಬ್ಯಾಲೆನ್ಸ್ ನೋಡಿದೆ. 38,000. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಐವತ್ತರಲ್ಲಿ ನಾಲ್ಕು ಹೋದರೆ ನಲವತ್ತಾರು ಅಲ್ವಾ? ಮಗನನ್ನು ಕರೆದು ತೋರಿಸಿದೆ. ಅವನೂ 38,000 ಅಂದ. 12,000 ಹೋಗಿತ್ತು.

ಫೋನ್ ಮಾಡಿದೆ. ‘ಸರ್, ಅದು ಯೂನಿಕೋಡ್ ಸರ್.’

‘ಹಂಗಂದ್ರೆ?’

‘ಕನ್ನಡ ಸರ್. ಕನ್ನಡಕ್ಕೆ ಒಂದು ಮೆಸೇಜ್ ಮೂರಾಗುತ್ತೆ.’

‘ನೀವು 50,000 ಮೆಸೇಜ್ ಅಂದಿದ್ರಲ್ಲ?’

‘ಕ್ರೆಡಿಟ್ ಅಂದಿದ್ದು ಸರ್. ಕ್ರೆಡಿಟ್ ಅಂದ್ರೆ ಮೆಸೇಜ್ ಅಲ್ಲ ಸರ್. ಬಿಲ್ ನೋಡಿ.’

ಬಿಲ್ ನೋಡಿದೆ. 50,000 ಕ್ರೆಡಿಟ್ ಅಂತಲೇ ಇದೆ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ವಿಷಯ ಏನೆಂದರೆ, ಇಂಗ್ಲಿಷ್ ಆದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡ ಆದರೆ ಬರೀ 70. ಅದು ದಾಟಿದರೆ ಮೆಸೇಜ್ ತುಂಡಾಗುತ್ತದೆ, ಆಗ ಒಂದು ತುಂಡಿಗೆ 67. ಫೋನಿನಲ್ಲಿ ಒಂದೇ ಮೆಸೇಜಾಗಿ ಕಾಣುತ್ತದೆ, ದುಡ್ಡು ಮಾತ್ರ ತುಂಡಿನ ಲೆಕ್ಕದಲ್ಲಿ, ಒಂದು ತುಂಡಿಗೆ ಒಂದು ಕ್ರೆಡಿಟ್. ಅದೂ ನಾವು ಎಣಿಸುವ ಹಾಗೆ ಅಲ್ಲ. ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಮಂಡ್ಯ’ ನಮಗೆ ಎರಡಕ್ಷರ. ಅವರ ಲೆಕ್ಕದಲ್ಲಿ ಐದು. ‘ಶ್ರೀ’ ಅಂತ ಬರೆದರೆ ನಾಲ್ಕು! ನಮ್ಮ ಮೆಸೇಜಿನ ಮೊದಲ ಪದವೇ ಶ್ರೀ. ದೇವರ ಹೆಸರಲ್ಲೂ ಕಳೆದುಕೊಂಡೆ.

ಇದು ತಾಂತ್ರಿಕ ವಿಷಯ, ಒಪ್ಪಿದೆ. ಅವರು ಮಾಡಿದ ನಿಯಮ ಅಲ್ಲ, ಅದೂ ಒಪ್ಪಿದೆ. ಆದರೆ ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ? ಹನ್ನೆರಡು ತಿಂಗಳಿಗೆ ಅಂತ ಲೆಕ್ಕ ಹಾಕಿ ಕೊಟ್ಟವರು ಅವರೇ. ಅದು ನಾಲ್ಕೇ ಸಲಕ್ಕೆ ಮುಗಿಯುತ್ತದೆ. ಕೇಳಿದರೆ, ‘ಇಂಗ್ಲಿಷ್ ಲೆಟರಲ್ಲಿ ಕನ್ನಡ ಬರೀರಿ ಸರ್, ಜಾಸ್ತಿ ಹಿಡಿಯುತ್ತೆ’ ಅಂತ ಉಪದೇಶ. ಮಂಡ್ಯದಲ್ಲಿ ಕೂತು ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ‘ಬನ್ನಿ’ ಅಂತ ಬರೆಯಬೇಕಂತೆ!

ಇನ್ನೂ ಇದೆ. 4,000ದಲ್ಲಿ ತಲುಪಿದ್ದು 2,600 ಚಿಲ್ಲರೆ. ಉಳಿದವರಲ್ಲಿ ತುಂಬಾ ಜನ ಡಿಎನ್‌ಡಿ, ಅಂದರೆ ಜಾಹೀರಾತಿನ ಮೆಸೇಜ್ ಬೇಡ ಅಂತ, ಹಾಕಿಸಿಕೊಂಡವರಂತೆ. ತಲುಪದ್ದಕ್ಕೆ ಯಾಕೆ ದುಡ್ಡು ಅಂದರೆ, ‘ಕಳಿಸಿದ್ದಕ್ಕೆ ಚಾರ್ಜ್ ಸರ್, ತಲುಪಿದ್ದಕ್ಕಲ್ಲ.’

ದುಡ್ಡು ಹೋಗಲಿ. ಮಾನ ಹೋದ ಕಥೆ ಕೇಳಿ. ಮೂರು ವಾರ ಕಳೆದ ಮೇಲೆ ನಮ್ಮ ಹಳೇ ಗಿರಾಕಿ ಒಬ್ಬರು ಟೀಚರ್ ಅಂಗಡಿಗೆ ಬಂದರು. ಸೀರೆ ನೋಡಲಿಲ್ಲ. ಫೋನ್ ತೆಗೆದು ತೋರಿಸಿದರು. ಸಾಲದ ಮೆಸೇಜು, ರಮ್ಮಿ ಮೆಸೇಜು, ಸಾಲಾಗಿ. ‘ಇದು ಹೊಸ ಸಿಮ್ಮು. ಮನೆಯವರನ್ನ ಬಿಟ್ಟರೆ ನಿಮ್ಮ ಅಂಗಡಿಗೊಂದೇ ಈ ನಂಬರ್ ಕೊಟ್ಟಿದ್ದು’ ಅಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೇ ಚೆನ್ನಾಗಿತ್ತು. ಎಕ್ಸೆಲ್ ಫೈಲ್ ಪೂರ್ತಿ ಏಜೆಂಟ್ ಕೈಗೆ ಕೊಟ್ಟವನು ನಾನೇ ಅಲ್ವಾ? ಏಜೆಂಟರನ್ನು ಕೇಳಿದರೆ, ‘ನಮ್ಮಿಂದ ಹೋಗಿಲ್ಲ ಸರ್. ಪ್ರೂಫ್ ಇದ್ಯಾ?’ ಪ್ರೂಫ್ ಎಲ್ಲಿಂದ ತರಲಿ? ಬೇರೆ ಯಾರಿಗೂ ಆ ಫೈಲ್ ಕೊಟ್ಟಿಲ್ಲ, ಅಷ್ಟೇ ನನಗೆ ಗೊತ್ತು. ಬೇಡದ ಮೆಸೇಜುಗಳ ಬಗ್ಗೆ ದೂರು ಹೇಳುವ ನಂಬರ್ 1909ಕ್ಕೆ ಟೀಚರ್ ದೂರು ಕೊಟ್ಟಿದ್ದಾರೆ.

ಆ ಸಿಟ್ಟಿಗೆ ನಮ್ಮ ಹೆಡರ್ ಯಾರದ್ದು ಅಂತ ಟ್ರಾಯ್ ವೆಬ್‌ಸೈಟಿನಲ್ಲಿ ಹುಡುಕಿಸಿದೆ. ಅದು ಏಜೆಂಟ್ ಕಂಪನಿ ಹೆಸರಲ್ಲಿದೆ! ನಾನು ದುಡ್ಡು ಕೊಟ್ಟ ರಿಜಿಸ್ಟ್ರೇಷನ್, ಅವರ ಹೆಸರು. ಬೇರೆಯವರ ಹತ್ತಿರ ಹೋದರೆ ಹೊಸದಾಗಿ ಶುರು ಮಾಡಬೇಕು.

ನೀವು ಕೊಳ್ಳುವುದಾದರೆ ನಿಮ್ಮ ಕನ್ನಡ ಮೆಸೇಜ್ ಒಬ್ಬರಿಗೆ ಹೋದರೆ ಎಷ್ಟು ಕ್ರೆಡಿಟ್ ಅಂತ ಬರವಣಿಗೆಯಲ್ಲಿ ಕೇಳಿ. ಡಿಎಲ್‌ಟಿ ನಿಮ್ಮ ಹೆಸರಲ್ಲೇ, ನಿಮ್ಮ ಈಮೇಲಿಗೇ ಆಗಲಿ. ನಂಬರ್ ಫೈಲ್ ಮಾತ್ರ ಯಾರ ಕೈಗೂ ಕೊಡಬೇಡಿ, ನೀವೇ ಕೂತು ಹಾಕಿ. ಇಸ್ತ್ರಿ ಅಂಗಿ ನೋಡಿ ನಂಬಬೇಡಿ.

ಉಳಿದ ದುಡ್ಡು ವಾಪಸ್ ಕೇಳಿ ಎರಡು ಸಲ ಈಮೇಲ್ ಹಾಕಿದ್ದೇನೆ. ‘ರೀಫಂಡ್ ಪಾಲಿಸಿ ಇಲ್ಲ ಸರ್’ ಅಂತ ಒಂದಕ್ಕೆ ಉತ್ತರ ಬಂದಿದೆ. ಅದೂ ಎಸ್ಸೆಮ್ಮೆಸ್ಸಿನಲ್ಲಿ, ಇಂಗ್ಲಿಷಿನಲ್ಲಿ. ಬಿಲ್ ಪುಸ್ತಕದಲ್ಲಿ ಈಗ ನಂಬರ್ ಬರೆಯುವ ಜಾಗ ಖಾಲಿ ಬಿಡುತ್ತಿದ್ದೇವೆ.